ಮುಖ ಕಾಣದ ಗಿರಾಕಿ



ಸೊಲ್ಲಾಪುರದ ಸಿದ್ದರಾಮೇಶ್ವರ ಜಾತ್ರೆಯ ದನದ ಬಜಾರನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಕೊಳ್ಳುವವನು ಎತ್ತಿನ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಗ ಮಾರುವವನೂ ಸುಮ್ಮನೆ ನಿಂತಿರುವುದಿಲ್ಲ. ಇವನು ಯಾವ ಊರವನು, ಯಾರ ಪೈಕಿ, ಇವನ ಹತ್ತಿರ ರೊಕ್ಕ ಐತೋ ಇಲ್ಲೋ ಅಂತ ಅವನೂ ಅಳೆಯುತ್ತಾ ಇರುತ್ತಾನೆ. ನಡುವೆ ದಲ್ಲಾಳಿ ಇರುತ್ತಾನೆ. ಮಾತು ಕುದುರಿದರೆ ಸಂಚಕಾರ ಕೈಗೆ ಬೀಳುತ್ತದೆ. ಪೂರ್ತಿ ರೊಕ್ಕ ಎಣಿಸಿಕೊಂಡ ಮೇಲೆಯೇ ಹಗ್ಗ ಕೈ ಬದಲಾಗುತ್ತದೆ.

ಈಗ ಇಂಥ ಬಜಾರು ಫೋನಿನೊಳಗೂ ಇದೆ. ಹಳೆಯ ಸೈಕಲ್, ಕಪಾಟು, ಗಾಡಿ, ಎಮ್ಮೆ, ಏನಿದ್ದರೂ ಫೋಟೋ ಹಾಕಿ ಬೆಲೆ ಬರೆದರೆ ಸಾಕು. ದೂರದ ಊರಿನ ಗಿರಾಕಿಯೂ ಸಿಗುತ್ತಾನೆ. ಅನುಕೂಲವೇನೋ ಹೌದು. ಆದರೆ ಇಲ್ಲಿ ದಲ್ಲಾಳಿ ಇಲ್ಲ, ಗಿರಾಕಿಯ ಮುಖ ಕಾಣುವುದಿಲ್ಲ. ಮೋಸ ಹೋಗುವವನು ಕೊಳ್ಳುವವನು, ಮಾರುವವನಿಗೇನು ಭಯ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಮಾರಲು ಹೋದವರೇ ರೊಕ್ಕ ಕಳೆದುಕೊಳ್ಳುವುದು ಹೇಗೆ ಅಂತ ಈ ಪಾಠದಲ್ಲಿ ನೋಡೋಣ.

ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಹೆಣ್ಣುಮಗಳು. ಗಂಗವ್ವ ಅಂತ ಹೆಸರಿಟ್ಟುಕೊಳ್ಳೋಣ. ಇದು ಒಬ್ಬರ ಕಥೆಯಲ್ಲ, ಇಂಥವು ನೂರಾರು ನಡೆದಿವೆ. ಗಂಗವ್ವ ಹೊಲಿಗೆ ಕೆಲಸದವಳು. ಕರೆಂಟಿನ ಹೊಸ ಮಶೀನ್ ತಂದಳು. ಕಾಲಿನಿಂದ ತುಳಿಯುವ ಹಳೆಯ ಮಶೀನ್ ಮೂಲೆಯಲ್ಲಿ ಕೂತಿತ್ತು. ಹತ್ತನೇ ಇಯತ್ತೆ ಓದುವ ಮಗಳು ಅದರ ಫೋಟೋ ತೆಗೆದು ಫೋನಿನ ಬಜಾರಿಗೆ ಹಾಕಿದಳು. ಬೆಲೆ 4,500 ರೂಪಾಯಿ ಅಂತ ಬರೆದಳು.

ಹತ್ತು ನಿಮಿಷ ಆಗಿರಲಿಲ್ಲ, ಫೋನ್ ಬಂತು. ಆ ಕಡೆಯವನು ಹಿಂದಿಯಲ್ಲಿ ಮಾತಾಡಿದ. "ದೀದಿ, ನಾನು ಮಿಲಿಟರಿಯವನು. ಪುಣೆಯಲ್ಲಿ ಡ್ಯೂಟಿ. ಮನೆಯವಳಿಗೆ ಮಶೀನ್ ಬೇಕಾಗಿದೆ. ನಿಮ್ಮ ರೇಟು ನನಗೆ ಒಪ್ಪಿಗೆ" ಅಂದ. ಒಂದು ರೂಪಾಯಿಯೂ ಚೌಕಾಸಿ ಮಾಡಲಿಲ್ಲ. ಗುರುತಿನ ಚೀಟಿಯ ಫೋಟೋ ಕಳಿಸಿದ. ಸಮವಸ್ತ್ರದಲ್ಲಿ ನಿಂತ ಫೋಟೋ ಕಳಿಸಿದ. "ರೊಕ್ಕ ಈಗಲೇ ಕಳಿಸ್ತೀನಿ, ನಾಳೆ ಟೆಂಪೊ ಬಂದು ಮಶೀನ್ ಒಯ್ಯುತ್ತದೆ" ಅಂದ.

ಗಂಗವ್ವನಿಗೆ ಖುಷಿಯಾಯಿತು. ದೇಶ ಕಾಯುವ ಮನುಷ್ಯ, ಮೋಸ ಮಾಡುತ್ತಾನೆಯೇ ಅಂದುಕೊಂಡಳು.

ಇಲ್ಲಿ ಸ್ವಲ್ಪ ನಿಲ್ಲೋಣ. ಸಂತೆಯಲ್ಲಿ ನಾವು ಒಂದು ಸಿವುಡು ಮೆಂತ್ಯೆ ಪಲ್ಯ ಕೊಳ್ಳುವಾಗಲೂ ಚೌಕಾಸಿ ಮಾಡುತ್ತೇವೆ. ಹಳೆಯ ಮಶೀನನ್ನು ಕಣ್ಣಿನಿಂದ ನೋಡದೆ, ತುಳಿದು ನೋಡದೆ, ಹೇಳಿದ ಬೆಲೆಗೆ ಒಪ್ಪುವವನು ಎಂಥ ಗಿರಾಕಿ? ಅವನಿಗೆ ಮಶೀನ್ ಬೇಕಾಗಿಲ್ಲ. ಗುರುತಿನ ಚೀಟಿಯ ಮಾತಂತೂ ಕೇಳಲೇಬೇಡಿ. ಬೇರೆ ಯಾರದೋ ಚೀಟಿಯ ಫೋಟೋ ಅದು. ಮಿಲಿಟರಿಯ ಹೆಸರು ಕೇಳಿದರೆ ನಮ್ಮ ಜನ ನಂಬುತ್ತಾರೆ ಅಂತ ಮೋಸಗಾರರಿಗೆ ಚೆನ್ನಾಗಿ ಗೊತ್ತು.

ಮುಂದೇನಾಯಿತು ಕೇಳಿ. ಅವನು ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದ. ಚೌಕದೊಳಗೆ ಕಪ್ಪು ಬಿಳಿ ಚುಕ್ಕೆಗಳು. ಅದಕ್ಕೆ ಕ್ಯೂಆರ್ ಕೋಡ್ ಅನ್ನುತ್ತಾರೆ. "ಮೊದಲು 5 ರೂಪಾಯಿ ಹಾಕಿ ನೋಡೋಣ. ಈ ಚಿತ್ರವನ್ನು ಒಂದು ಫೋನಿನಲ್ಲಿ ತೆರೆಯಿರಿ, ಇನ್ನೊಂದು ಫೋನಿನಿಂದ ಸ್ಕ್ಯಾನ್ ಮಾಡಿ, ಪಿನ್ ಒತ್ತಿರಿ" ಅಂದ. ಮಗಳು ಹಾಗೇ ಮಾಡಿದಳು. 5 ರೂಪಾಯಿ ಹೋಯಿತು, ಕೂಡಲೇ 10 ರೂಪಾಯಿ ಬಂತು. "ನೋಡಿದಿರಾ, ಬಂತಲ್ಲ?" ಅಂದ. ತಾಯಿ ಮಗಳಿಗೆ ನಂಬಿಕೆ ಬಂತು. ಆ 10 ರೂಪಾಯಿ ಗಾಳಕ್ಕೆ ಸಿಕ್ಕಿಸಿದ ಎರೆಹುಳ.

ಎರಡನೆಯ ಚಿತ್ರ ಬಂತು. ಅದರಲ್ಲಿ 4,500. ಮಗಳು ಸ್ಕ್ಯಾನ್ ಮಾಡಿ ಪಿನ್ ಒತ್ತಿದಳು. ರೊಕ್ಕ ಬರಲಿಲ್ಲ. ಖಾತೆಯಿಂದ 4,500 ಹೋಯಿತು!

ಗಂಗವ್ವ ಗಾಬರಿಯಾಗಿ ಫೋನ್ ಮಾಡಿದಳು. ಅವನು ಸಿಟ್ಟಾಗಲಿಲ್ಲ, ಓಡಿಹೋಗಲೂ ಇಲ್ಲ. "ಅಯ್ಯೋ ದೀದಿ, ಸರ್ವರ್ ತೊಂದರೆ. ನಿಮ್ಮ 4,500 ಮತ್ತು ನನ್ನ 4,500 ಸೇರಿಸಿ 9,000 ವಾಪಸ್ ಕಳಿಸ್ತೀನಿ. ಈ ಕೋಡ್ ಸ್ಕ್ಯಾನ್ ಮಾಡಿ, ಬೇಗ ಮಾಡಿ, ಡ್ಯೂಟಿಗೆ ಹೋಗಬೇಕು" ಅಂದ. ಕಳೆದುಕೊಂಡದ್ದು ಸಿಗಲಿ ಅನ್ನುವ ಆತುರ. ಮಗಳು ಮತ್ತೆ ಪಿನ್ ಒತ್ತಿದಳು. 9,000 ಹೋಯಿತು.

ಲೆಕ್ಕ ಹಾಕಿ ನೋಡಿ. 4,500 ಕೂಡಿಸು 9,000. ಒಟ್ಟು 13,500 ರೂಪಾಯಿ. 4,500ರ ಮಶೀನ್ ಇನ್ನೂ ಮೂಲೆಯಲ್ಲೇ ಇದೆ. ಹೋದದ್ದು ಗಂಗವ್ವನ ಸ್ವಂತ ರೊಕ್ಕವೂ ಅಲ್ಲ. ಬಚತ್ ಗಟದ ಹನ್ನೊಂದು ಮಂದಿ ಹೆಣ್ಣುಮಕ್ಕಳು ಕೊಟ್ಟ ಕಂತು ಅವಳ ಖಾತೆಯಲ್ಲಿತ್ತು, ಬ್ಯಾಂಕಿಗೆ ಕಟ್ಟುವುದಕ್ಕೆ.

ಈಗ ನಿಮ್ಮ ಊರಿನ ಕಿರಾಣಿ ಅಂಗಡಿಯನ್ನು ನೆನಪು ಮಾಡಿಕೊಳ್ಳಿ. ಗಲ್ಲಾದ ಹತ್ತಿರ ಇಂಥದೇ ಚುಕ್ಕೆಯ ಚಿತ್ರ ಅಂಟಿಸಿದ್ದಾರೆ. ಸ್ಕ್ಯಾನ್ ಮಾಡುವವರು ಯಾರು? ಗಿರಾಕಿ. ಪಿನ್ ಒತ್ತುವವರು ಯಾರು? ಗಿರಾಕಿ. ಅಂಗಡಿಯವನು ಏನು ಒತ್ತುತ್ತಾನೆ? ಏನೂ ಇಲ್ಲ. ಅವನು ಸಕ್ಕರೆ ತೂಗುತ್ತಾ ಇರುತ್ತಾನೆ, ರೊಕ್ಕ ತಾನಾಗಿ ಬಂದು ಬೀಳುತ್ತದೆ.

ಗಂಗವ್ವ ಮಶೀನ್ ಮಾರುವವಳು. ಅಂದರೆ ಅವಳೇ ಅಂಗಡಿಯವಳು. ಹಾಗಾದರೆ ಅವಳು ಏಕೆ ಸ್ಕ್ಯಾನ್ ಮಾಡಬೇಕು? ಏಕೆ ಪಿನ್ ಒತ್ತಬೇಕು? ಪಿನ್ ಅಂದರೆ ನಮ್ಮ ಪೆಟ್ಟಿಗೆಯ ಕೀಲಿಕೈ. ಹೊರಗಿನವರು ನಮಗೆ ರೊಕ್ಕ ಕೊಡಲು ಬಂದರೆ ನಮ್ಮ ಪೆಟ್ಟಿಗೆಯ ಕೀಲಿ ತೆಗೆಯುವ ಕೆಲಸವಿಲ್ಲ. ಯುಪಿಐ ಎಂಬ ಈ ಹಣ ಕಳಿಸುವ ಪದ್ಧತಿ 2016ರಲ್ಲಿ ಬಂತು. ಅಂದಿನಿಂದ ಇಂದಿನವರೆಗೆ ಇದರಲ್ಲಿ ಹಣ ಪಡೆಯುವುದಕ್ಕೆ ಪಿನ್ ಬೇಕಾಗಿಲ್ಲ. ಹಣ ಕೊಡುವಾಗ ಪಿನ್ ಬೇಕು. ನಮ್ಮ ಖಾತೆಯಲ್ಲಿ ಎಷ್ಟಿದೆ ಅಂತ ನೋಡುವಾಗಲೂ ಅದು ಪಿನ್ ಕೇಳುತ್ತದೆ, ಅದು ಬೇರೆ ಮಾತು.

ಓದು ಬಾರದವರು ಮಾತ್ರ ಮೋಸ ಹೋಗುತ್ತಾರೆ ಅಂತ ಯಾರೂ ನಾಚಿಕೊಳ್ಳಬೇಕಾಗಿಲ್ಲ. 2021ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ, ದೊಡ್ಡ ಕಾಲೇಜಿನಲ್ಲಿ ಓದಿದ ಹೆಣ್ಣುಮಗಳೊಬ್ಬಳು ಹಳೆಯ ಸೋಫಾ ಮಾರಲು ಹೋಗಿ ಇದೇ ರೀತಿ 34 ಸಾವಿರ ರೂಪಾಯಿ ಕಳೆದುಕೊಂಡಳು. ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅವಳಿಗೂ ಮೊದಲು ಸ್ವಲ್ಪ ರೊಕ್ಕ ಹಾಕಿಯೇ ನಂಬಿಸಿದ್ದರು.

ಮೋಸಗಾರರ ದಾರಿ ಒಂದೇ ಅಲ್ಲ. ಮೊದಲು ಯಾರು ಬೇಕಾದರೂ ನಿಮ್ಮ ಫೋನಿಗೆ "ಇಷ್ಟು ಹಣ ಕೊಡಿ" ಅಂತ ಕೋರಿಕೆ ಕಳಿಸಬಹುದಿತ್ತು. ಅದನ್ನು ಒಪ್ಪಿ ಪಿನ್ ಒತ್ತಿದರೆ ರೊಕ್ಕ ಹೋಗುತ್ತಿತ್ತು. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಹೀಗೆ ಕೋರಿಕೆ ಕಳಿಸುವುದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಒಳ್ಳೆಯದಾಯಿತು. ಆದರೆ ಚುಕ್ಕೆಯ ಚಿತ್ರ ಹಾಗೇ ಇದೆ, ನಂಬಿಸುವ ಬಾಯಿಯೂ ಹಾಗೇ ಇದೆ.

ಇನ್ನೊಂದು ಆಟ ಸುಳ್ಳು ಮೆಸೇಜಿನದು. "ನಿಮ್ಮ ಖಾತೆಗೆ 14,500 ಜಮಾ ಆಗಿದೆ" ಅಂತ ಫೋನಿಗೆ ಬರುತ್ತದೆ. ಹಿಂದೆಯೇ ಗಿರಾಕಿಯ ಫೋನ್: "ಅಣ್ಣಾ, 4,500 ಹಾಕುವ ಕಡೆ 14,500 ಹಾಕಿಬಿಟ್ಟೆ. ದವಾಖಾನೆಗೆ ಇಟ್ಟ ರೊಕ್ಕ ಅದು. ಹತ್ತು ಸಾವಿರ ವಾಪಸ್ ಕಳಿಸಿರಿ." ನಮ್ಮ ಮನಸ್ಸು ಕರಗುತ್ತದೆ. ಆದರೆ ಆ ಮೆಸೇಜ್ ಯಾವ ನಂಬರಿನಿಂದ ಬಂದಿದೆ ನೋಡಿ. ಹತ್ತು ಅಂಕಿಯ ಸಾದಾ ಮೊಬೈಲ್ ನಂಬರಿನಿಂದ ಬಂದಿದ್ದರೆ ಅದು ಬ್ಯಾಂಕಿನದಲ್ಲ. ಬ್ಯಾಂಕಿನ ಮೆಸೇಜಿನ ಮೇಲೆ ನಂಬರಿನ ಬದಲು ಬ್ಯಾಂಕಿನ ಹೆಸರಿನ ಅಕ್ಷರಗಳು ಇರುತ್ತವೆ. ಅದನ್ನೂ ನಕಲು ಮಾಡುವವರು ಇದ್ದಾರೆ. ಆದ್ದರಿಂದ ಮೆಸೇಜನ್ನು ನಂಬಬೇಡಿ, ರೊಕ್ಕ ಹಾಕಿದ ಚಿತ್ರ ತೋರಿಸಿದರೂ ನಂಬಬೇಡಿ. ನಿಮ್ಮ ಖಾತೆಯ ಬಾಕಿಯನ್ನು ನೀವೇ ತೆರೆದು ನೋಡಿ, ಇಲ್ಲವೇ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಬರೆಸಿ. ಅಲ್ಲಿ ಕಂಡರೆ ಮಾತ್ರ ಬಂತು ಅಂತ ಲೆಕ್ಕ. "ಈ ಆ್ಯಪ್ ಹಾಕಿಕೊಳ್ಳಿ, ನಾನೇ ಸರಿ ಮಾಡ್ತೀನಿ" ಅಂದರೆ ಅಲ್ಲಿಗೇ ಫೋನ್ ಇಟ್ಟುಬಿಡಿ. ಅದು ನಿಮ್ಮ ಫೋನನ್ನೇ ಅವನ ಕೈಗೆ ಕೊಟ್ಟ ಹಾಗೆ.

ಹಾಗಾದರೆ ಫೋನಿನಲ್ಲಿ ಮಾರಲೇಬಾರದೇ? ಮಾರಿ. ಆದರೆ ದನದ ಬಜಾರಿನ ರೀತಿಯಲ್ಲೇ ಮಾರಿ. "ಬಂದು ನೋಡ್ರಿ, ತುಳಿದು ನೋಡ್ರಿ, ರೊಕ್ಕ ಕೊಟ್ಟು ಒಯ್ಯಿರಿ" ಅನ್ನಿ. ನಿಜವಾದ ಗಿರಾಕಿ ಬರುತ್ತಾನೆ. ತಾನು ಬರಲಾಗದಿದ್ದರೆ ಅಕ್ಕಲಕೋಟದಲ್ಲೋ ಸೊಲ್ಲಾಪುರದಲ್ಲೋ ಇರುವ ತನ್ನವರನ್ನು ಯಾರನ್ನಾದರೂ ಕಳಿಸುತ್ತಾನೆ. ಮೋಸಗಾರನಿಗೆ ನೂರು ನೆವ ಇರುತ್ತವೆ. ಒಬ್ಬರೇ ಇರುವಾಗ ಗೊತ್ತಿಲ್ಲದವರನ್ನು ಮನೆಗೆ ಕರೆಯಬೇಡಿ. ನಾಲ್ಕು ಜನ ಓಡಾಡುವ ಜಾಗದಲ್ಲಿ, ಪರಿಚಯದ ಅಂಗಡಿಯ ಮುಂದೆ ಭೇಟಿಯಾಗಿ. ಅವನು ಫೋನಿನಿಂದಲೇ ರೊಕ್ಕ ಕೊಡುತ್ತೇನೆ ಅಂದರೂ ಅಡ್ಡಿಯಿಲ್ಲ. ನಿಮ್ಮ ಕೋಡ್ ನೀವು ತೋರಿಸಿ, ಅವನು ಸ್ಕ್ಯಾನ್ ಮಾಡಲಿ. ಬಾಕಿ ನೋಡಿಕೊಳ್ಳಿ. ಆಮೇಲೆ ಮಶೀನ್ ಎತ್ತಿಸಿ.

ಚಾದರ, ಟವೆಲ್ ನೇಯ್ದು ದೂರದ ಊರಿಗೆ ಪಾರ್ಸೆಲ್ ಕಳಿಸುವವರು ಸೊಲ್ಲಾಪುರದಲ್ಲಿ ಇದ್ದಾರೆ. ಅವರಿಗೆ "ಬಂದು ನೋಡಿ" ಅನ್ನಲು ಆಗುವುದಿಲ್ಲ. ಹೊಸ ಗಿರಾಕಿ ಒಮ್ಮೆಗೇ ನೂರು ಚಾದರ ಬೇಕು ಅಂದರೆ ಹಿಗ್ಗಬೇಡಿ. ಮೊದಲು ಐದು ಕಳಿಸಿ, ಅದೂ ರೊಕ್ಕ ಖಾತೆಗೆ ಬಂದ ಮೇಲೆ. ಎರಡು ಮೂರು ಸಲ ವ್ಯವಹಾರ ಸರಿಯಾಗಿ ನಡೆದ ಮೇಲೆ ಉದ್ರಿಯ ಮಾತು.

ಗಂಗವ್ವನ ಕಥೆಗೆ ಮತ್ತೆ ಬರೋಣ. ಅವಳು ಕಳೆದುಕೊಂಡದ್ದು ರೊಕ್ಕವಷ್ಟೇ ಅಲ್ಲ, ಹೊತ್ತು ಕೂಡ. ರಾತ್ರಿಯೆಲ್ಲ ಅಳುತ್ತಾ ಕೂತಳು. ಗಂಡನಿಗೆ ಹೇಳಲಿಲ್ಲ, ಗಟದವರಿಗೂ ಹೇಳಲಿಲ್ಲ. ಮಗಳಿಗೂ "ಯಾರ ಮುಂದೂ ಬಾಯಿ ಬಿಡಬ್ಯಾಡ" ಅಂದಳು. ಮೂರು ದಿನ ಆದ ಮೇಲೆ ಬ್ಯಾಂಕಿಗೆ ಹೋದಳು. ಅಷ್ಟರಲ್ಲಿ ಆ ರೊಕ್ಕ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗಿ, ಯಾವುದೋ ಊರಿನಲ್ಲಿ ನಗದಾಗಿತ್ತು.

ಮೋಸ ಆಯಿತು ಅಂತ ತಿಳಿದ ಕೂಡಲೇ 1930 ನಂಬರಿಗೆ ಫೋನ್ ಮಾಡಬೇಕು. ಇದು ಇಡೀ ದೇಶಕ್ಕೆ ಒಂದೇ ನಂಬರು. ನೀವು ದೂರು ಕೊಟ್ಟರೆ ರೊಕ್ಕ ಹೋದ ಖಾತೆಯ ಬ್ಯಾಂಕಿಗೆ ಸುದ್ದಿ ಮುಟ್ಟುತ್ತದೆ. ರೊಕ್ಕ ಇನ್ನೂ ಅಲ್ಲೇ ಇದ್ದರೆ ತಡೆಹಿಡಿಯುತ್ತಾರೆ. ಅದಕ್ಕೇ ಆತುರ ಬೇಕು. ನಮ್ಮ ಕಡೆಯಿಂದ ಮಾಡಿದರೆ ಮರಾಠಿ ಅಥವಾ ಹಿಂದಿಯಲ್ಲಿ ಮಾತಾಡಬೇಕಾಗಬಹುದು. ಆ ಮಾತು ಬರುವವರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ. ಎಷ್ಟು ರೊಕ್ಕ, ಎಷ್ಟು ಗಂಟೆಗೆ, ಯಾವ ಬ್ಯಾಂಕು ಅಂತ ಕೇಳುತ್ತಾರೆ. ಫೋನಿನಲ್ಲಿ ಆ ಪಾವತಿಯ ಕೆಳಗೆ 12 ಅಂಕಿಯ ಒಂದು ನಂಬರ್ ಇರುತ್ತದೆ. ಅದನ್ನು ಮೊದಲೇ ಚೀಟಿಯ ಮೇಲೆ ಬರೆದಿಟ್ಟುಕೊಳ್ಳಿ. ನಿಮ್ಮ ಬ್ಯಾಂಕಿಗೂ ತಿಳಿಸಿ.

ಠಾಣೆಯಲ್ಲಿ "ಮೋಸಗಾರ ಬೇರೆ ರಾಜ್ಯದವ, ಇದು ನಮ್ಮ ಹದ್ದಿಗೆ ಬರೋದಿಲ್ಲ" ಅಂತ ಹೇಳಿಸಿಕೊಂಡು ಗಡಿನಾಡಿನ ನಮಗೆ ರೂಢಿಯಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಇಂಥ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಹದ್ದಿನ ಮಾತು ಬಂದರೆ ಈ ಕಲಮಿನ ನಂಬರ್ ಹೇಳಿ.

ಗಂಗವ್ವ ಮುಂದಿನ ತಿಂಗಳು ಗಟದ ಸಭೆಯಲ್ಲಿ ಎದ್ದು ನಿಂತು ನಡೆದದ್ದೆಲ್ಲ ಹೇಳಿದಳು. ಇಬ್ಬರು ಬೈದರು. ಒಬ್ಬಳು ಮೆಲ್ಲಗೆ, "ನಮ್ಮ ಮೈದುನಗೂ ಹಿಂಗ ಆಗೇತವ್ವಾ, ಗಾಡಿ ಮಾರಾಕ ಹೋಗಿ. ಮನ್ಯಾಗ ಯಾರಿಗೂ ಹೇಳಿಲ್ಲ" ಅಂದಳು. ಗಂಗವ್ವ ತಿಂಗಳಿಗೆ 1,500ರಂತೆ ತುಂಬುತ್ತೇನೆ ಅಂತ ಒಪ್ಪಿಕೊಂಡಳು. ಆ ಹಳೆಯ ಮಶೀನನ್ನು ಪಕ್ಕದ ಓಣಿಯ ಹುಡುಗಿಯೊಬ್ಬಳು ಬಂದು ನೋಡಿ, ತುಳಿದು, ಚೌಕಾಸಿ ಮಾಡಿ 3,800ಕ್ಕೆ ಒಯ್ದಳು.

ಅಭ್ಯಾಸ

1. ಗಂಗವ್ವ ತಿಂಗಳಿಗೆ 1,500 ರೂಪಾಯಿ ತುಂಬಿದರೆ 13,500 ತೀರಲು ಎಷ್ಟು ತಿಂಗಳು ಬೇಕು?

2. ಕಿರಾಣಿ ಅಂಗಡಿಯಲ್ಲಿ ಪಿನ್ ಒತ್ತುವವರು ಯಾರು? ನೀವು ಎಮ್ಮೆ ಮಾರುವಾಗ ಒತ್ತಬೇಕಾದವರು ಯಾರು?

3. ಇಬ್ಬರು ಎದುರುಬದುರು ಕೂತು ಮಾತಾಡಿ. ಒಬ್ಬರು ಮಿಲಿಟರಿಯವನೆಂದು ಹೇಳಿಕೊಳ್ಳುವ ಗಿರಾಕಿ, ಇನ್ನೊಬ್ಬರು ಸೈಕಲ್ ಮಾರುವವರು. ಗಿರಾಕಿ ಎಷ್ಟು ನೆವ ಹೇಳಿದರೂ ಮಾರುವವರು "ಬಂದು ನೋಡ್ರಿ" ಅನ್ನುವುದನ್ನು ಬಿಡಬಾರದು.

4. 1930 ಎಂಬ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ.