ರೆಕ್ಕೆ ಮೂಡಿದ ಭಯ: ಶರಭ, ಗಂಡಭೇರುಂಡ ಮತ್ತು ಕಲ್ಯಾಣದ ಪರಿಸರ

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಕೊಡಂಬಲದಂತಹ ಸುತ್ತಲಿನ ಊರುಗಳಿಂದ ಬರುವ ಭಕ್ತರಿಗೆ ವೀರಭದ್ರನೆಂದರೆ ದಕ್ಷಯಜ್ಞವನ್ನು ಧ್ವಂಸಗೊಳಿಸಿದವನು. ಪುರವಂತರ ಒಡಪುಗಳು ಬಹುಮಟ್ಟಿಗೆ ನಿರೂಪಿಸುವುದೂ ಈ ಕಥೆಯನ್ನೇ. ಆದರೆ ಲಿಂಗಪುರಾಣವು ಅವನಿಗೆ ಇನ್ನೊಂದು ಕಾರ್ಯವನ್ನು ವಹಿಸಿದೆ. ಹಿರಣ್ಯಕಶಿಪುವಿನ ವಧೆಯ ನಂತರವೂ ತಣಿಯದ ನರಸಿಂಹನ ಉಗ್ರತೆಯಿಂದ ಲೋಕಗಳು ತಲ್ಲಣಿಸಿದಾಗ ಶಿವನು ವೀರಭದ್ರನನ್ನು ಕಳುಹಿಸುತ್ತಾನೆ. ಸಾಮದ ಮಾತು ಫಲಿಸದಿರಲು ಪ್ರಕಟವಾಗುವುದು ರೆಕ್ಕೆ, ಕೊಕ್ಕು, ಮೃಗದೇಹಗಳುಳ್ಳ ಶರಭರೂಪ.

ಇಂತಹ ರೂಪಗಳನ್ನು ಇಂದಿನ ಅದ್ಭುತ ಕಥೆಗಳೂ ಆಟಗಳೂ ಎರವಲು ಪಡೆದು, ಬ್ರಹ್ಮಾಂಡಭೀತಿಯ ಪಾಶ್ಚಾತ್ಯ ಕಥನಗಳೊಡನೆ ಬೆರೆಸುತ್ತಿವೆ. ಆ ಪರಂಪರೆಯ ಮುಖ್ಯ ಲೇಖಕ ಎಚ್.ಪಿ. ಲವ್‌ಕ್ರಾಫ್ಟ್. 1928ರಲ್ಲಿ ಪ್ರಕಟವಾದ ಆತನ ಕ್ಥುಲ್ಹು ಕಥೆಯ ಜೀವಿಗೂ ರೆಕ್ಕೆಗಳಿವೆ. ಅಲ್ಲಿ ಭಯದ ಮೂಲವಿರುವುದು ವಿಶ್ವಕ್ಕೆ ಮನುಷ್ಯನ ಪರಿವೆಯೇ ಇಲ್ಲವೆಂಬ ಅರಿವಿನಲ್ಲಿ. ಶರಭನನ್ನು ಈ ಸಾಲಿಗೆ ಸೇರಿಸಬಹುದೇ ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ.

ಇದಕ್ಕೆ ಮಹಾಭಾರತದ ಶಾಂತಿಪರ್ವದ ಒಂದು ಉಪಾಖ್ಯಾನ ನೆರವಾಗುತ್ತದೆ. ಋಷಿಯೊಬ್ಬನ ಆಶ್ರಮದ ನಾಯಿ ಚಿರತೆಗೆ ಹೆದರಿದಾಗ ಅವನು ಅದನ್ನು ಚಿರತೆಯಾಗಿಸುತ್ತಾನೆ. ಬಳಿಕ ಅದು ಹುಲಿ, ಆನೆ, ಸಿಂಹವಾಗಿ, ಕೊನೆಗೆ ಎಂಟು ಕಾಲುಗಳ ಶರಭವಾಗುತ್ತದೆ. ಶರಭವು ಋಷಿಯನ್ನೇ ತಿನ್ನಲು ಹವಣಿಸಿದಾಗ ಮತ್ತೆ ನಾಯಿಯಾಗುತ್ತದೆ. ಇಲ್ಲಿ ಶರಭವು ಇನ್ನೂ ಕಾಡಿನ ಮೃಗ, ಅದಕ್ಕೆ ರೆಕ್ಕೆಯಿಲ್ಲ. ಭಯಕ್ಕೆ ಇನ್ನೂ ದೊಡ್ಡ ಭಯವೇ ಮದ್ದೆಂಬ ವಿನ್ಯಾಸ ಮಾತ್ರ ಆಗಲೇ ಸಿದ್ಧವಾಗಿದೆ. ಪುರಾಣವು ಈ ವಿನ್ಯಾಸವನ್ನು ಕಾಡಿನಿಂದ ಲೋಕಗಳ ಮಟ್ಟಕ್ಕೆ ಎತ್ತಿದಾಗ ಮೃಗಕ್ಕೆ ರೆಕ್ಕೆ ಮೂಡಿತೆಂದು ನನ್ನ ಊಹೆ. ಲವ್‌ಕ್ರಾಫ್ಟನ ಜೀವಿ ಯಾರ ಮೊರೆಗೂ ಓಗೊಡುವುದಿಲ್ಲ. ಶರಭನಾದರೋ ದೇವತೆಗಳ ಮೊರೆಗೇ ಬಂದವನು. ಹೊರರೂಪದ ಸಾಮ್ಯವನ್ನಷ್ಟೇ ನೆಚ್ಚಿ ಅವನನ್ನು ರಾಕ್ಷಸನೆಂದು ಕರೆಯುವುದು ಸರಿಯಲ್ಲ.

ಈ ಸರಪಳಿ ಶರಭನಲ್ಲಿ ನಿಲ್ಲಲಿಲ್ಲ. ವೈಷ್ಣವ ಪರಂಪರೆಯು ಶರಭನನ್ನು ಅಡಗಿಸಲು ನರಸಿಂಹನೇ ಗಂಡಭೇರುಂಡನಾದನೆಂದು ಉತ್ತರ ಕೊಟ್ಟಿತು. ತಮಿಳುನಾಡಿನ ದಾರಾಸುರಂನ 12ನೆಯ ಶತಮಾನದ ಶಿವಾಲಯದಲ್ಲಿ ಶರಭಮೂರ್ತಿಯಿರುವುದನ್ನು ಇದರೊಡನೆ ಇಟ್ಟು ನೋಡಿದರೆ, ಎರಡು ಪಂಥಗಳ ವಾಗ್ವಾದವು ರೆಕ್ಕೆಗಳ ಮೂಲಕ ನಡೆದಂತೆ ತೋರುತ್ತದೆ.

ಆದರೆ ಕನ್ನಡ ನಾಡಿನ ಸಾಕ್ಷ್ಯವನ್ನು ಈ ಚೌಕಟ್ಟಿಗೆ ಒಗ್ಗಿಸುವುದು ಅಷ್ಟು ಸುಲಭವಲ್ಲ. ಬಳ್ಳಿಗಾವೆಯ ಗಂಡಭೇರುಂಡ ಸ್ತಂಭವನ್ನು 1047ರಲ್ಲಿ ನಿಲ್ಲಿಸಿದವನು ಚಾವುಂಡರಾಯರಸ. ಕಲ್ಯಾಣವನ್ನು, ಎಂದರೆ ಇಂದಿನ ಬಸವಕಲ್ಯಾಣವನ್ನು, ರಾಜಧಾನಿಯಾಗಿಸಿಕೊಂಡ ಒಂದನೆಯ ಸೋಮೇಶ್ವರನ ಮಾಂಡಲಿಕನೀತ. ಕಂಬದ ತುದಿಯಲ್ಲಿರುವುದು ಮನುಷ್ಯದೇಹದ, ಎರಡು ಹಕ್ಕಿತಲೆಗಳ ಮೂರ್ತಿ. ಗಂಡಭೇರುಂಡವೆಂಬುದು ಆ ಅರಸನ ಬಿರುದೂ ಹೌದು. ಸ್ತಂಭವು ನಿಂತದ್ದು ಜಗದೇಕಮಲ್ಲೇಶ್ವರನೆಂಬ ಶಿವನ ಗುಡಿಯ ಮುಂದೆ. ಶರಭನನ್ನು ಗೆದ್ದ ವಿಷ್ಣುರೂಪವೇ ಇದಾಗಿದ್ದಲ್ಲಿ ಶಿವಾಲಯದ ಎದುರು ಅದಕ್ಕೆ ಎಡೆ ದೊರೆಯುವುದು ಕಷ್ಟ. ಆದುದರಿಂದ ವಿಜಯನಗರದ ನಾಣ್ಯಗಳಲ್ಲಿಯೂ ಮೈಸೂರು ಅರಸರ ಲಾಂಛನದಲ್ಲಿಯೂ ಕಾಣುವ ಈ ಪಕ್ಷಿಯನ್ನು ಎಲ್ಲೆಡೆಯೂ ನರಸಿಂಹನ ಕಥೆಯಿಂದಲೇ ಅರ್ಥೈಸುವ ರೂಢಿಯನ್ನು ಬಳ್ಳಿಗಾವೆಯ ಮಟ್ಟಿಗಾದರೂ ಕೈಬಿಡಬೇಕಾಗುತ್ತದೆ. ಅಲ್ಲಿ ಅದು ಮೊದಲಿಗೆ ಒಬ್ಬ ಅರಸನ ಬಿರುದು. ವೈರಿಗಳು ನೋಡಿ ಬೆದರಲೆಂದು ಕಂಬದ ಮೇಲೆ ಏರಿಸಿದ ಹೆಸರು.