ಬ್ಯಾಟರಿಯೊಳಗೆ ಕರೆಂಟ್ ಇರುವುದಿಲ್ಲ



ಕಳೆದ ಬೇಸಿಗೆ ರಜೆಯಲ್ಲಿ ಕುರ್ಡಿಯ ನಮ್ಮ ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದೆವು. ಹಿಂದಿನ ರಾತ್ರಿ ಕರೆಂಟ್ ಹೋಗಿ ಇನ್ವರ್ಟರ್ ಬ್ಯಾಟರಿ ಪೂರ್ತಿ ಇಳಿದಿತ್ತು. ಹೊರಡುವ ಗಡಿಬಿಡಿಯಲ್ಲಿ ನಾನು ಮೇನ್ ಸ್ವಿಚ್ ತೆಗೆದುಬಿಟ್ಟೆ. ಎರಡು ತಿಂಗಳ ಮೇಲೆ ಬಂದು ಎಷ್ಟು ಚಾರ್ಜ್ ಮಾಡಿದರೂ ಬಲ್ಬ್ ಹತ್ತು ನಿಮಿಷ ಉರಿಯಲಿಲ್ಲ. "ಕರೆಂಟೆಲ್ಲ ಸೋರಿ ಹೋಗಿದೆ" ಎಂದರು ಮನೆಯವರು. ನಮ್ಮಲ್ಲಿ ಬಹಳ ಜನ ಹೀಗೇ ತಿಳಿದಿದ್ದಾರೆ. ಆದರೆ ಬ್ಯಾಟರಿ ಎಂದರೆ ಕರೆಂಟ್ ತುಂಬಿಟ್ಟ ಕೊಡವಲ್ಲ. ಅದರಲ್ಲಿರುವುದು ರಾಸಾಯನಿಕ ಶಕ್ತಿ.

ಇದನ್ನು ಮೊದಲು ಬಳಕೆಗೆ ತಂದವರು ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ. 1800ರಲ್ಲಿ ಅವರು ಸತು ಮತ್ತು ತಾಮ್ರದಂಥ ಎರಡು ಬೇರೆ ಲೋಹಗಳ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟನ್ನಿಟ್ಟು, ಒಂದರ ಮೇಲೊಂದು ಪೇರಿಸಿ, ನಿರಂತರ ವಿದ್ಯುತ್ ಪಡೆದರು. 'ವೋಲ್ಟ್' ಎಂಬ ಮಾನ ಅವರ ಹೆಸರಿನಿಂದಲೇ ಬಂದಿದೆ. ಆದರೆ ಆ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಲಾಗುತ್ತಿರಲಿಲ್ಲ. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಸೀಸ-ಆಮ್ಲ ಬ್ಯಾಟರಿ ಮಾಡಿ ಆ ಕೊರತೆ ನೀಗಿಸಿದರು. ನಮ್ಮ ಇನ್ವರ್ಟರ್, ಟ್ರ್ಯಾಕ್ಟರ್‌ಗಳಲ್ಲಿ ಇಂದಿಗೂ ಇರುವುದು ಹೆಚ್ಚಾಗಿ ಅದೇ ಜಾತಿಯದು. ಒಂದೊಂದು ಕೋಶಕ್ಕೆ ಸುಮಾರು 2 ವೋಲ್ಟ್. ಆರು ಕೋಶ ಸೇರಿ 12 ವೋಲ್ಟ್.

ಬ್ಯಾಟರಿ ಕೆಲಸ ಮಾಡುವಾಗ ಸೀಸ, ಸೀಸದ ಡೈಆಕ್ಸೈಡ್ ಎರಡೂ ಗಂಧಕಾಮ್ಲದೊಡನೆ ವರ್ತಿಸಿ ಸೀಸದ ಸಲ್ಫೇಟ್ ಆಗುತ್ತವೆ. ಚಾರ್ಜ್ ಮಾಡಿದಾಗ ಕ್ರಿಯೆ ಹಿಮ್ಮುಖವಾಗಿ ನಡೆದು ಮೊದಲಿನ ಸ್ಥಿತಿ ಬರುತ್ತದೆ. ಇಳಿದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಸಲ್ಫೇಟ್ ದೊಡ್ಡ ಹರಳುಗಳಾಗಿ ಗಟ್ಟಿಯಾಗುತ್ತದೆ. ಮತ್ತೆ ಸುಲಭವಾಗಿ ಕರಗದು. ನಮ್ಮ ಮನೆಯಲ್ಲಿ ಆದದ್ದು ಇದೇ. ಸೋರಿದ್ದು ಕರೆಂಟಲ್ಲ, ತಪ್ಪಿದ್ದು ನನ್ನ ಎಚ್ಚರ.

ಮೊಬೈಲಿನ ಲಿಥಿಯಂ-ಅಯಾನ್ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ದಾರಿ ಮಾಡಿದ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಇದೆಲ್ಲ ನಮಗೇಕೆ? ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ ಬೇಕಾದಾಗ ಕಲ್ಲಿದ್ದಲು ಉರಿಸಿ ವಿದ್ಯುತ್ ತಯಾರಿಸಬಹುದು. ರಾಯಚೂರಿನ ಬಿಸಿಲು ಎಷ್ಟೇ ಇದ್ದರೂ ರಾತ್ರಿಗೆ ಸಿಗದು. ಹಗಲಿನ ಬಿಸಿಲನ್ನು ರಾತ್ರಿಯ ಓದಿಗೆ, ಸಹರಿಯ ಅಡುಗೆಮನೆಯ ದೀಪಕ್ಕೆ ಉಳಿಸಿಡಬೇಕಾದರೆ ಶೇಖರಣೆ ಬೇಕೇ ಬೇಕು. ಆ ಕೆಲಸ ಇನ್ನೂ ಮುಗಿದಿಲ್ಲ; ಮಾಡುವವರು ನಿಮ್ಮಲ್ಲೇ ಇರಬಹುದು.

ಸದ್ಯಕ್ಕೆ ಮೂರು ಮಾತು ನೆನಪಿಡಿ: ಇನ್ವರ್ಟರ್ ಬ್ಯಾಟರಿಯನ್ನು ಇಳಿದ ಸ್ಥಿತಿಯಲ್ಲಿ ಬಿಡಬೇಡಿ. ಬೋರ್‌ವೆಲ್ ನೀರು ಬೇಡ, ಡಿಸ್ಟಿಲ್ಡ್ ನೀರನ್ನೇ ಹಾಕಿ. ಸೀಸ ವಿಷ, ಹಳೆಯ ಬ್ಯಾಟರಿಯನ್ನು ಕಾಲುವೆಗೆ ಎಸೆಯದೆ ಅಂಗಡಿಗೆ ಹಿಂತಿರುಗಿಸಿ.