ಮಾರ್ಖಾ ಕಣಿವೆಗೆ ಚಾರಣ ಹೊರಟವರು ಮಾಡಬೇಕಾದ್ದು, ಮಾಡಬಾರದ್ದು

ಲಡಾಖಿನ ಮಾರ್ಖಾ ಕಣಿವೆಯ ಹಾದಿ ಊರುಗಳ ಒಳಗಿಂದಲೇ ಸಾಗುತ್ತದೆ. ಸ್ಕಿಯು, ಮಾರ್ಖಾ, ಹಂಕರ್ ಎಲ್ಲ ಕಡೆಯೂ ನೀವು ನಡೆಯುವುದು ಯಾರದೋ ಹೊಲದ ಬದುವಿನ ಮೇಲೆ, ಮಲಗುವುದು ಯಾರದೋ ಮನೆಯಲ್ಲಿ. ಆದ್ದರಿಂದ ಕೆಳಗಿನ ಯಾವ ಮಾತಿಗೂ ರಿಯಾಯಿತಿ ಇಲ್ಲ.

ಮೊದಲು ಮೈ ಒಗ್ಗಬೇಕು

ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಲೇಹ್ 3,500 ಮೀಟರಿನಲ್ಲಿ. ವಿಮಾನದಲ್ಲಿ ಹೋದವರು ಲೇಹ್‌ನಲ್ಲಿ ಕನಿಷ್ಠ ಎರಡು ದಿನ ಪೂರ್ತಿ ಸುಮ್ಮನಿರಬೇಕು. ಓಡಾಟ ಬೇಡ, ಮದ್ಯ ಬೇಡ, ನಿದ್ದೆ ಮಾತ್ರೆಯೂ ಬೇಡ. ಎತ್ತರದ ಕಾಯಿಲೆ ತಡೆಯುವ ಮಾತ್ರೆ ಡೈಮಾಕ್ಸ್ ಬೇಕೇ ಬೇಡವೇ ಎಂಬುದನ್ನು ಹೊರಡುವ ಮೊದಲೇ ವೈದ್ಯರ ಹತ್ತಿರ ಕೇಳಿಕೊಳ್ಳಿ.

ತಲೆನೋವು, ವಾಕರಿಕೆ ಇದ್ದರೆ ಅದು ಇಳಿಯುವವರೆಗೆ ಮೇಲೇರಬಾರದು. ನಡೆಯುವಾಗ ಜೋಲಿ ಹೊಡೆದರೆ, ಮಾತು ತಡವರಿಸಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಬೆಳಗಾಗುವುದನ್ನು ಕಾಯದೆ ಕೆಳಗಿಳಿಸಬೇಕು. ಕಣಿವೆಬಾಗಿಲಿಗೆ ಮೊದಲಿನ ಬಿಡಾರ ನಿಮಾಲಿಂಗ್‌ನಲ್ಲಿ ಹೀಗಾದರೆ ಹಂಕರ್ ಕಡೆಗೇ ವಾಪಸಾಗಿ. ‘ಇನ್ನೊಂದೇ ದಿನ, ಕಣಿವೆಬಾಗಿಲು ದಾಟಿಬಿಟ್ಟರೆ ಆಚೆ ಇಳಿಜಾರೇ’ ಎಂಬ ಮಾತನ್ನು ಯಾರು ಹೇಳಿದರೂ ಕೇಳಬೇಡಿ. ಆ ಇಳಿಜಾರು ಸಿಗಬೇಕಾದರೆ ಮೊದಲು 5,200 ಮೀಟರ್ ಮೀರಿದ ಕೊಂಗ್ಮಾರು ಲಾ ಹತ್ತಬೇಕು. ಕಾಯಿಲೆಯವರನ್ನು ಇನ್ನೂ ಮೇಲಕ್ಕೆ ಒಯ್ಯುವುದು ಕೊಲ್ಲುವ ಕೆಲಸ.

ನೀರು

ಈ ನೋಟಿಸಿನಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಜವೆಗೋಧಿ, ಬಟಾಣಿ ಬೆಳೆಯುವುದು ಹಿಮ ಕರಗಿದ ನೀರಿನಲ್ಲಿ. ಅದನ್ನು ಹೊಲಕ್ಕೆ ತರುವ ಕಾಲುವೆಗೆ ಅಲ್ಲಿ ‘ಯುರಾ’ ಎನ್ನುತ್ತಾರೆ. ಯಾರಿಗೆ ಯಾವ ಹೊತ್ತಿನಲ್ಲಿ ನೀರು ಎಂದು ನೋಡಿಕೊಳ್ಳಲು ಊರಿನವರೇ ನೇಮಿಸಿದ ‘ಚುರ್‌ಪೋನ್’ ಇರುತ್ತಾರೆ. ಕಾಲುವೆಯ ಬಾಯಿಗೆ ಇಟ್ಟ ಒಂದು ಕಲ್ಲು, ಒಂದು ಹೆಂಟೆ ಹುಲ್ಲುಮಣ್ಣು ಕಸದಂತೆ ಕಂಡೀತು. ಅದು ಒಂದು ಮನೆಯ ಸರದಿ. ಅದನ್ನು ಸರಿಸಬಾರದು, ಒದೆಯಬಾರದು. ಯುರಾದಲ್ಲಿ ಸೋಪು, ಶಾಂಪೂ, ಎಂಜಲು ತಟ್ಟೆ ಯಾವುದೂ ಇಳಿಯಬಾರದು. ಬಕೆಟ್ಟಿನಲ್ಲಿ ನೀರು ತೆಗೆದುಕೊಂಡು, ಕಾಲುವೆಯಿಂದ ದೂರ ಹೋಗಿ ತೊಳೆದುಕೊಳ್ಳಿ.

ಮನೆಗಳ ಒಣ ಪಾಯಿಖಾನೆಗೂ ಇದೇ ಶಿಸ್ತು. ನೆಲದಲ್ಲೊಂದು ಕಂಡಿ, ಮೂಲೆಯಲ್ಲಿ ಮಣ್ಣಿನ ಗುಡ್ಡೆ, ಅದರಲ್ಲಿ ಸಿಕ್ಕಿಸಿದ ಸಲಿಕೆ. ಆದಮೇಲೆ ಮಣ್ಣು ಹಾಕಿ, ನೀರು ಸುರಿಯಬೇಡಿ. ಕೆಳಗೆ ಸೇರುವುದೆಲ್ಲ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಅದರೊಳಗೆ ಒದ್ದೆ ಟಿಶ್ಯೂ, ಸ್ಯಾನಿಟರಿ ಪ್ಯಾಡ್ ಎಸೆದರೆ ಮುಂದೆ ಅದನ್ನು ಕೈಯಿಂದ ಹೆಕ್ಕಬೇಕಾದವರು ಆ ಮನೆಯವರು.

ಹೊಳೆ ದಾಟುವುದಿದ್ದರೆ ಬೆಳಿಗ್ಗೆಯೇ ದಾಟಿ. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ನೀರು ಏರುತ್ತದೆ. ಒಣಗಿದ ಹಳ್ಳದ ಪಾತ್ರದಲ್ಲಿ ಟೆಂಟ್ ಹಾಕಲೇಬಾರದು. 2010ರ ಆಗಸ್ಟ್‌ನ ಮೇಘಸ್ಫೋಟ ಲೇಹ್ ಸುತ್ತಮುತ್ತ ಎಷ್ಟು ಜೀವ ತೆಗೆದುಕೊಂಡಿತೆಂದು ಅಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಮಣಿಗೋಡೆ, ಚೋರ್ಟೆನ್, ಗೊಂಪ

ಮಣಿಗೋಡೆಯಾಗಲಿ ಚೋರ್ಟೆನ್ ಎಂಬ ಸ್ತೂಪವಾಗಲಿ ನಿಮ್ಮ ಬಲಗೈಗೆ ಬರುವಂತೆ ನಡೆಯಿರಿ. ಪ್ರದಕ್ಷಿಣೆ ನಮಗೆ ಹೊಸದಲ್ಲ. ಬೈಲಕುಪ್ಪೆಯಲ್ಲಿ ಮಣಿಚಕ್ರ ತಿರುಗಿಸಿದವರಿಗಂತೂ ಹೇಳಬೇಕಾಗಿಯೇ ಇಲ್ಲ. ಮಣಿಗೋಡೆಯ ಮೇಲೆ ಕೂರಬಾರದು, ಬ್ಯಾಗ್ ಇಡಬಾರದು, ಒದ್ದೆ ಸಾಕ್ಸ್ ಒಣಹಾಕಬಾರದು. ಅದರ ಮೇಲಿನ ಮಂತ್ರ ಕೆತ್ತಿದ ಕಲ್ಲು ಹರಕೆ ಹೊತ್ತವರೋ ಪುಣ್ಯ ಬಯಸಿದವರೋ ಇಟ್ಟದ್ದು. ಅಂಗೈಯಗಲದ ತುಂಡಾದರೂ ನೆನಪಿಗೆಂದು ತಂದರೆ ಅದು ಕಳ್ಳತನ. ಗಾಳಿಗೆ ಹರಿದು ಬಿದ್ದ ಮಂತ್ರಪತಾಕೆಗೂ ಇದೇ ಮಾತು, ಅದನ್ನು ದಾಟಲೂ ಬಾರದು. ಕೊಂಬು, ಜೂನಿಪರ್ ಜಾತಿಯ ಶುಕ್ಪಾ ಕೊಂಬೆ ಸಿಕ್ಕಿಸಿದ ‘ಲ್ಹಾತೋ’ ಕಂಡರೆ ಅದು ಊರ ದೇವತೆಯ ಸ್ಥಾನ, ಮುಟ್ಟಬೇಡಿ.

ಗೊಂಪ ಎಂದರೆ ಬೌದ್ಧ ಮಠ, ಅದರೊಳಗೆ ಚಪ್ಪಲಿ, ಟೋಪಿ, ಫ್ಲ್ಯಾಶ್ ಮೂರೂ ಬೇಡ. ಲಾಮಾಗಳ ಆಸನದ ಮೇಲೆ ಕೂರಬೇಡಿ, ಮೂರ್ತಿಗಳ ಕಡೆ ಕಾಲು ಚಾಚಬೇಡಿ. ರಕ್ಷಕ ದೇವತೆಗಳ ಕೋಣೆಗೆ ಅಪ್ಪಣೆ ಇಲ್ಲದೆ ನುಗ್ಗಬೇಡಿ.

ಮನೆಯಲ್ಲಿ

ಅಲ್ಲಿನ ನಮಸ್ಕಾರ ‘ಜುಲೇ’, ಅದನ್ನು ಮೊದಲು ನೀವೇ ಹೇಳಿ. ಮನೆಯ ಹಿರಿಯ ಹೆಂಗಸನ್ನು ‘ಆಮಾ-ಲೇ’ ಎಂದು, ಹಿರಿಯ ಗಂಡಸನ್ನು ‘ಆಬಾ-ಲೇ’ ಎಂದು ಕರೆಯಿರಿ. ಬೆಣ್ಣೆ ಚಹಾ ಸೇರದಿದ್ದರೆ ಲೋಟ ತುಂಬಿದ್ದಂತೆಯೇ ಬಿಡಿ. ಗುಟುಕು ಕುಡಿದಾಗಲೆಲ್ಲ ಮತ್ತೆ ತುಂಬುತ್ತಾರೆ. ಮೊಳಕಾಲೆತ್ತರದ ಚೋಕ್ಟ್ಸೆ ಊಟದ ಮೇಜು, ಅದರ ಮೇಲೆ ಕೂರುವಂತಿಲ್ಲ.

ಬಾಡಿಗೆಗೆ ಚೌಕಾಸಿ ಬೇಡ. ಹಲವು ಊರುಗಳಲ್ಲಿ ಅತಿಥಿಗಳನ್ನು ಸರದಿಯಂತೆ ಮನೆಗಳಿಗೆ ಹಂಚುತ್ತಾರೆ, ಸರದಿ ಮುರಿದು ಚೆಂದದ ಮನೆ ಹುಡುಕಬೇಡಿ. ಈ ಕಣಿವೆ ಹೆಮಿಸ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಹಿಮಚಿರತೆ ದೊಡ್ಡಿಗೆ ನುಗ್ಗಿ ಕುರಿ ಕೊಂದರೂ ಜನ ಅದನ್ನು ಸಹಿಸಿಕೊಳ್ಳುವುದರ ಹಿಂದೆ ಹೋಂಸ್ಟೇ ಹಣವೂ ಇದೆ. ನೂರು ರೂಪಾಯಿ ಉಳಿಸಲು ಹೋಗಿ ಆ ಸಹನೆಗೆ ಕಲ್ಲು ಹಾಕಬೇಡಿ.

ಮಕ್ಕಳಿಗೆ ಚಾಕಲೇಟು, ಪೆನ್ನು, ಚಿಲ್ಲರೆ ಹಂಚಬೇಡಿ. ಯಾರ ಫೋಟೋ ತೆಗೆಯುವ ಮೊದಲೂ ಕೇಳಿ, ಬೇಡವೆಂದರೆ ಮುಗಿಯಿತು.

ಹಾದಿಯಲ್ಲಿ

ಕುದುರೆ ಸಾಲು ಬಂದರೆ ಬೆಟ್ಟದ ಕಡೆ ಒರಗಿ ನಿಲ್ಲಿ, ಪ್ರಪಾತದ ಕಡೆ ಎಂದೂ ನಿಲ್ಲಬೇಡಿ. ನಿಮಾಲಿಂಗ್‌ನ ಮಾರ್ಮೊಟ್‌ಗಳಿಗೆ ಬಿಸ್ಕತ್ತು ಹಾಕಬೇಡಿ. ಪ್ರೀಪೇಯ್ಡ್ ಸಿಮ್ ನಂಬಿಕೊಂಡು ಹೋಗಬೇಡಿ, ಹೊರಗಿನ ರಾಜ್ಯಗಳದು ಲಡಾಖಿನಲ್ಲಿ ನಡೆಯುವುದಿಲ್ಲ.

ಲೇಹ್‌ನ ಹೆಂಗಸರು ಹೋರಾಡಿ 1998ರಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ತಂದರು. ಬಾಟಲಿ ನೀರು ಕೊಳ್ಳದೆ, ಮನೆಗಳಲ್ಲಿ ಕುದಿಸಿದ ನೀರು ತುಂಬಿಸಿಕೊಳ್ಳಿ. ಚಾಕಲೇಟು ಹೊದಿಕೆ, ಮಾತ್ರೆ ಪಟ್ಟಿ ಎಲ್ಲವನ್ನೂ ಲೇಹ್‌ಗೆ ಹೊತ್ತು ತನ್ನಿ. ಸತ್ತ ಬ್ಯಾಟರಿಗಳನ್ನು ಅಲ್ಲೂ ಬಿಡದೆ ನಿಮ್ಮ ಊರಿಗೇ ತೆಗೆದುಕೊಂಡು ಹೋಗಿ.